ಓದುಗರ ಪ್ರಶ್ನೆ: ಹಿಡಕಲ್ ಒಂದ್ ಲ್ಯಾಪ್‌ಟಾಪ್‌ನ್ಯಾಗ, ಆಲಮಟ್ಟಿ ಇನ್ನೊಂದರಾಗ

ಪ್ರಶ್ನೆ: ನಾವು ನಾಲ್ಕ್ ಮಂದಿ ಬಾಗಲಕೋಟೆಯೊಳಗ ಇಂಜಿನಿಯರಿಂಗ್ ಲಾಸ್ಟ್ ಇಯರ್ ಓದಾಕತ್ತೀವ್ರಿ. ಘಟಪ್ರಭಾ, ಕೃಷ್ಣಾ ಹೊಳಿ ಪ್ರವಾಹದ ಸಿಮ್ಯುಲೇಶನ್ ನಮ್ಮ ಪ್ರಾಜೆಕ್ಟು. ಹಿಡಕಲ್ ಡ್ಯಾಮಿನ ಮಾಡೆಲ್ ನನ್ನ ಕಡೆ ಪೈಥಾನ್‌ನ್ಯಾಗ ಐತಿ, ಆಲಮಟ್ಟಿದು ಗೆಳತಿ ಜಾವಾದಾಗ ಬರದಾಳ, ನಡುವಿನ ಹೊಳಿದು ಮ್ಯಾಟ್‌ಲ್ಯಾಬ್‌ನ್ಯಾಗ ಐತಿ. ಗೈಡ್ ಸರ್ ಎಚ್‌ಎಲ್‌ಎ ಬಳಸ್ರಿ ಅಂತಾರ, ಸೀನಿಯರ್ ಒಬ್ಬರು ಅದೆಲ್ಲಾ ಬ್ಯಾಡ ರೆಸ್ಟ್ ಎಪಿಐ ಮಾಡಿ ಜೋಡಸ್ರಿ ಸಾಕು ಅಂತಾರ. ಯಾರ ಮಾತು ಕೇಳೂಣ್ರಿ?
(ವಿದ್ಯಾರ್ಥಿನಿ, ಬಾಗಲಕೋಟೆ)

ಉತ್ತರ: ಇಬ್ಬರ ಮಾತೂ ಖರೆ ಐತಿ ತಂಗಿ, ಆದ್ರ ಇಬ್ಬರೂ ಬ್ಯಾರೆ ಬ್ಯಾರೆ ಪ್ರಶ್ನೆಗೆ ಉತ್ತರ ಕೊಡಾಕತ್ತಾರ. ರೆಸ್ಟ್, ಅಂದ್ರ ವೆಬ್ ಮ್ಯಾಲ ಪ್ರೋಗ್ರಾಂಗಳು ಮಾತಾಡೂ ಒಂದು ರೀತಿ, ಮೆಸೇಜ್ ಹ್ಯಾಂಗ ಮುಟ್ಟಬೇಕು ಅನ್ನೂದನ್ನ ಹೇಳ್ತೈತಿ. ಆ ಮೆಸೇಜ್ ಸಿಮ್ಯುಲೇಶನ್ನಿನ ಯಾವ ಹೊತ್ತಿಗೆ ಸೇರಿದ್ದು, ಅದನ್ನ ಕಾಯದನ ಇನ್ನೊಂದ್ ಪ್ರೋಗ್ರಾಂ ಮುಂದ ಹೋಗಬಹುದೋ ಇಲ್ಲೋ ಅನ್ನೂದನ್ನ ರೆಸ್ಟ್ ಹೇಳೂದಿಲ್ಲ, ಅದನ್ನ ಎಚ್‌ಎಲ್‌ಎ ಹೇಳ್ತೈತಿ. ನಿಮ್ಮ ಪ್ರಾಜೆಕ್ಟಿನ ಜೀವ ಇರೂದು ಈ ಎರಡನೇದರಾಗ.

ಎಚ್‌ಎಲ್‌ಎ ಅಂದ್ರ ಹೈ ಲೆವೆಲ್ ಆರ್ಕಿಟೆಕ್ಚರ್. ಅಮೆರಿಕದ ರಕ್ಷಣಾ ಇಲಾಖೆಯವರು 1990ರ ದಶಕದಾಗ, ಬ್ಯಾರೆ ಬ್ಯಾರೆ ಮಂದಿ ಬ್ಯಾರೆ ಬ್ಯಾರೆ ಭಾಷೆಯೊಳಗ ಬರೆದ ಸಿಮ್ಯುಲೇಟರ್‌ಗಳನ್ನ ಒಂದಕ್ಕೊಂದು ಜೋಡಿಸಾಕ ಮಾಡಿದ್ದು, 2000ದಾಗ ಐಇಇಇ 1516 ಅಂತ ಸ್ಟ್ಯಾಂಡರ್ಡ್ ಆತು. ಅದರಾಗ ಒಂದೊಂದು ಪ್ರೋಗ್ರಾಂಗೆ ಫೆಡರೇಟ್ ಅಂತಾರ, ಎಲ್ಲಾ ಕೂಡಿದ್ರ ಫೆಡರೇಶನ್, ನಡುವ ನಿಂತು ಎಲ್ಲಾರನ್ನೂ ಜೋಡಸೂದು ಆರ್‌ಟಿಐ (ರನ್‌ಟೈಮ್ ಇನ್‌ಫ್ರಾಸ್ಟ್ರಕ್ಚರ್) ಅನ್ನೂ ಸಾಫ್ಟ್‌ವೇರ್. ಮೊದಲ ಅದಕ್ಕ ಮಾತಾಡಸಬೇಕಂದ್ರ ಸಿ++, ಜಾವಾದಂಥ ಭಾಷೆಯ ಲೈಬ್ರರಿನ ಬೇಕಿತ್ತು. 2010ರ ಆವೃತ್ತಿಯೊಳಗ ವೆಬ್ ಸರ್ವಿಸ್ ಇಂಟರ್‌ಫೇಸ್‌ನೂ ಸೇರಿಸಿದ್ರು, ವೆಬ್ ಸರ್ವಿಸ್ ವಿವರಿಸೂ ಡಬ್ಲ್ಯುಎಸ್‌ಡಿಎಲ್ ಅನ್ನೂ ಭಾಷೆಯೊಳಗ ಬರದು. ಅಂದ್ರ ನಿಮ್ಮ ಗೈಡ್ ಹೇಳಿದ್ದು, ಸೀನಿಯರ್ ಹೇಳಿದ್ದು ಎರಡೂ ಒಂದ ಕಡೆ ಕೂಡೂದು 2010ರ ಸ್ಟ್ಯಾಂಡರ್ಡ್‌ನ್ಯಾಗ ಆಗಲೇ ಆಗಿತ್ತು.

ಈಗ ಟೈಮಿನ ಮಾತಿಗೆ ಬರೂಣು. ಹಿಡಕಲ್ ಪ್ರೋಗ್ರಾಂ ಸಿಮ್ಯುಲೇಶನ್ ಗಡಿಯಾರದಾಗ ಬೆಳಿಗ್ಗೆ 6ರಾಗ ಐತಿ, ಆಲಮಟ್ಟಿ ಪ್ರೋಗ್ರಾಂ ಲಗೂ ಓಡಿ ರಾತ್ರಿ 10ಕ್ಕ ಹೋಗಿ ನಿಂತೈತಿ ಅಂತ ತಿಳೀರಿ. ಈಗ ಹಿಡಕಲ್ಲಿನಿಂದ ಗೇಟ್ ತಗದ ಸುದ್ದಿ ಬಂತು, ಆ ನೀರು ಆಲಮಟ್ಟಿಗೆ ಸಂಜೆ 6ಕ್ಕ ಮುಟ್ಟಬೇಕಾಗಿತ್ತು, ಆದ್ರ ಆಲಮಟ್ಟಿ ಆ ಹೊತ್ತು ದಾಟಿ ಹೋಗೇತಿ, ಗೇಟ್ ಎಷ್ಟು ತಗೀಬೇಕು ಅನ್ನೂದನ್ನೂ ನಿರ್ಧಾರ ಮಾಡಿ ಮುಗಿಸೇತಿ. ಎಚ್‌ಟಿಟಿಪಿ ಕೇಳಿದ್ರ 200 ಓಕೆ, ಅಂದ್ರ ಮೆಸೇಜ್ ಸರಿಯಾಗಿ ಮುಟ್ಟೇತಿ, ಅಂತೈತಿ, ಎರರ್ ಇಲ್ಲ ಏನಿಲ್ಲ, ಗ್ರಾಫ್‌ನೂ ಚಂದ ಬರ್ತೈತಿ, ಆದ್ರ ಉತ್ತರ ತಪ್ಪು. ಇಂಥ ತಪ್ಪು ಕಣ್ಣಿಗೆ ಬೀಳೂದಿಲ್ಲ ಅನ್ನೂದ ನನಗ ಹೆಚ್ಚಿನ ಚಿಂತಿ.

ಇದಕ್ಕ ಎರಡು ಹಳೇ ದಾರಿ ಅದಾವ. ಒಂದು, ಸುರಕ್ಷಿತ ಅಂತ ಖಾತ್ರಿ ಆಗೂ ತನಕ ಯಾರೂ ಮುಂದ ಹೋಗಬಾರದು ಅನ್ನೂದು, 1970ರ ದಶಕದ ಕೊನಿಗೆ ಚಾಂಡಿ, ಮಿಶ್ರಾ ಮತ್ತ ಬ್ರಯಂಟ್ ಅನ್ನೂ ಸಂಶೋಧಕರು ಕೊಟ್ಟಿದ್ದು. ಇನ್ನೊಂದು 1985ರಾಗ ಜೆಫರ್ಸನ್ ಬರೆದ ಟೈಮ್ ವಾರ್ಪ್, ಅದರಾಗ ಎಲ್ಲಾರೂ ಓಡ್ರಿ, ಹಳೇ ಟೈಮಿನ ಮೆಸೇಜ್ ಬಂದ್ರ ಹಿಂದಕ್ಕ ಬಂದು ಮತ್ತ ಲೆಕ್ಕಾ ಮಾಡ್ರಿ ಅಂತ. ನೀವು ಮೊದಲನೇದನ್ನ ಹಿಡೀರಿ, ಯಾಕಂದ್ರ ಹೊಳಿ ನಿಮಗ ಒಂದು ದೊಡ್ಡ ಅನುಕೂಲ ಮಾಡಿ ಕೊಟ್ಟೈತಿ. ಹಿಡಕಲ್ಲಿನಾಗ ಬಿಟ್ಟ ನೀರು ಗೋಕಾಕ, ಮುಧೋಳ ದಾಟಿ ಬರಾಕ ತಾಸುಗಟ್ಟಲೆ ಬೇಕಲ್ಲ, ಆ ತಾಸುಗಳ ನಿಮ್ಮ ಲುಕ್‌ಅಹೆಡ್, ಅಂದ್ರ ಇಷ್ಟ ಹೊತ್ತಿನ ತನಕ ಆ ಕಡಿಂದ ಹೊಸಾ ಪರಿಣಾಮ ಬರೂದಿಲ್ಲ ಅನ್ನೂ ಖಾತ್ರಿ. ಉದಾಹರಣೆಗೆ 12 ತಾಸು ಅಂತ ಇಟ್ಕೊಂಡ್ರ, ಹಿಡಕಲ್ ಬೆಳಿಗ್ಗೆ 6ರಾಗ ಇದ್ದಾಗ ಆಲಮಟ್ಟಿ ಪ್ರೋಗ್ರಾಂ ಆ ಕಡೆಯ ದಾರಿ ಕಾಯದನ ಸಂಜೆ 6ರ ತನಕ ಆರಾಮ ಲೆಕ್ಕಾ ಮಾಡಬಹುದು. 12 ನಾನು ಹಿಡಿದ ಅಂಕಿ ಅಷ್ಟ, ನಿಮ್ಮ ಹೊಳಿ ಮಾಡೆಲ್ಲಿನಾಗ ಬಂದಿದ್ದನ್ನ ಹಾಕ್ರಿ, ಅದೂ ಸರಾಸರಿ ಅಲ್ಲ, ದೊಡ್ಡ ಪ್ರವಾಹದಾಗ ಅಲೆ ಎಷ್ಟು ಲಗೂ ಬರ್ತೈತೋ ಆ ಕನಿಷ್ಠ ಟೈಮನ್ನ ಹಾಕ್ರಿ.

ಇಲ್ಲಿ ಒಂದ್ ತೊಡಕು ಐತಿ, ಬಾಗಲಕೋಟೆಯವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ತುಂಬಿದಾಗ ಹಿನ್ನೀರು ಘಟಪ್ರಭಾದೊಳಗ ಮ್ಯಾಲಕ್ಕ ಏರಿ ಬರ್ತೈತಿ, ಹಳೇ ಊರಿನ ಒಂದ್ ಭಾಗ ಮುಳುಗಿ ನವನಗರ ಕಟ್ಟಿದ್ದು ಅದಕ್ಕ. ಅಂದ್ರ ಕೆಳಗಿನ ಡ್ಯಾಮ್ ಮ್ಯಾಲಿನ ಹೊಳಿಗೂ ಮಾತಾಡ್ತೈತಿ, ಆ ಕಡಿಂದ ಲುಕ್‌ಅಹೆಡ್ ಭಾಳ ಸಣ್ಣದು. ಅದಕ್ಕ ಹೊಳಿಯ ಕೆಳಗಿನ ಭಾಗ ಮತ್ತ ಆಲಮಟ್ಟಿ ಜಲಾಶಯ ಎರಡನ್ನೂ ಒಂದ ಪ್ರೋಗ್ರಾಂನ್ಯಾಗ ಇಡ್ರಿ. ಹಂಚೂದನ್ನ ಒಂದ್ ಕಡೆಯ ಪರಿಣಾಮ ಇನ್ನೊಂದ್ ಕಡೆ ಮುಟ್ಟಾಕ ಹೊತ್ತು ಹಿಡಿಯೂ ಜಾಗಾದಾಗ ಹಂಚ್ರಿ, ಯಾರ ಲ್ಯಾಪ್‌ಟಾಪ್‌ನ್ಯಾಗ ಯಾವ ಭಾಷೆ ಐತಿ ಅನ್ನೂದನ್ನ ನೋಡಿ ಹಂಚಬ್ಯಾಡ್ರಿ. ಗೆಳತಿ ಜಾವಾ ಕೋಡ್ ಸ್ವಲ್ಪ ಬದಲಿ ಮಾಡಬೇಕಾಗ್ತೈತಿ, ಮಾಡ್ರಿ, ಅದು ವ್ಯರ್ಥ ಆಗೂದಿಲ್ಲ.

ಮತ್ತೊಂದು, ಹಿಡಕಲ್ ಗೇಟ್ ಮುಚ್ಚಿದ್ರ ಮೆಸೇಜ್ ಕಳಸೂದಿಲ್ಲ ಅಂತ ಸುಮ್ಮನ ಕೂತ್ರ, ಕೆಳಗಿನ ಪ್ರೋಗ್ರಾಂ ಬರ್ತೈತಿ ಬರ್ತೈತಿ ಅಂತ ಕಾಯ್ಕೊಂತ ಕೂಡ್ತೈತಿ, ಹಿಂಗ ಒಬ್ಬರನ್ನೊಬ್ಬರು ಕಾದು ಎಲ್ಲಾ ಹ್ಯಾಂಗ್ ಆಗಬಹುದು. ಅದಕ್ಕ "ಈ ಹೊತ್ತಿನ ತನಕ ನನ್ನ ಕಡಿಂದ ಏನೂ ಬದಲಿ ಇಲ್ಲ" ಅಂತ ಖಾಲಿ ಮೆಸೇಜ್ ಕಳಸಬೇಕು. ಇದಕ್ಕ ನಲ್ ಮೆಸೇಜ್ ಅಂತಾರ.

ಯುನಿಟ್ಟು ಮೊದಲ ದಿನಾನ ಬರದು ಇಡ್ರಿ. ನಮ್ಮ ಪೇಪರ್‌ನ್ಯಾಗ ಕ್ಯೂಸೆಕ್, ಟಿಎಂಸಿ ಬರ್ತಾವ, ಮಾಡೆಲ್ ಪುಸ್ತಕದಾಗ ಕ್ಯೂಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್). 1 ಕ್ಯೂಮೆಕ್ ಅಂದ್ರ ಹೆಚ್ಚುಕಡಿಮಿ 35.3 ಕ್ಯೂಸೆಕ್. ಪ್ರೋಗ್ರಾಂಗಳು ಕಳಸೂ ಜೆಸನ್ ಫಾರ್ಮ್ಯಾಟಿನ ಮೆಸೇಜ್‌ನ್ಯಾಗ ಬರೇ "ಫ್ಲೋ 2500" ಅಂತ ಬಂದ್ರ ಒಬ್ಬರಿಗೆ ಅದು ಸಾಧಾರಣ ನೀರು, ಇನ್ನೊಬ್ಬರಿಗೆ 88 ಸಾವಿರ ಕ್ಯೂಸೆಕ್. ಎಚ್‌ಎಲ್‌ಎದಾಗ ಈ ಒಪ್ಪಂದಕ್ಕ ಫೆಡರೇಶನ್ ಆಬ್ಜೆಕ್ಟ್ ಮಾಡೆಲ್ ಅಂತ ಒಂದು ಫೈಲ್‌ನ ಇರ್ತೈತಿ. ನೀವು ರೆಸ್ಟ್ ಬಳಸಿದ್ರೂ ಅಂಥಾದೊಂದು ಫೈಲ್ ನಾಲ್ಕೂ ಮಂದಿ ಕೂಡಿ ಕೂತು ಬರೀರಿ, ಟೈಮು ಯುಟಿಸಿಯೋ ನಮ್ಮ ಐಎಸ್‌ಟಿಯೋ ಅನ್ನೂದನ್ನೂ ಸೇರಿಸಿ, ಐದೂವರಿ ತಾಸಿನ ಫರಕು ಪ್ರವಾಹದಾಗ ಸಣ್ಣದಲ್ಲ.

ನನ್ನ ಸಲಹೆ ಕೇಳಿದ್ರ: ಸಣ್ಣದೊಂದು ಕೋಆರ್ಡಿನೇಟರ್ ಸರ್ವಿಸ್ ಬರೀರಿ, ಎಲ್ಲಾ ಪ್ರೋಗ್ರಾಂ ಅದಕ್ಕ ಜಾಯಿನ್ ಆಗಲಿ, "ನಾನು ಈ ಹೊತ್ತಿಗೆ ಹೋಗ್ಲ್ಯಾ" ಅಂತ ಕೇಳಲಿ, ಎಲ್ಲಾರ ಟೈಮು ಲುಕ್‌ಅಹೆಡ್ಡು ನೋಡಿ ಅದು ಹೂಂ ಅನ್ನಲಿ. ಎಚ್‌ಎಲ್‌ಎದ ಟೈಮ್ ಅಡ್ವಾನ್ಸ್ ರಿಕ್ವೆಸ್ಟ್, ಗ್ರ್ಯಾಂಟ್ ಅನ್ನೂದು ಇದ. ಕೈಲೇ ಬರದ್ರ ಕಲಿಕೆ ಹೆಚ್ಚು. ಆಮ್ಯಾಲ ಟೈಮ್ ಉಳಿದ್ರ ಪೋರ್ಟಿಕೋ, ಸರ್ಟಿ ಅಂತ ಓಪನ್ ಸೋರ್ಸ್ ಆರ್‌ಟಿಐ ಅದಾವ, ಅವನ್ನ ಹಾಕಿ ನೋಡ್ರಿ, ಗೈಡ್ ಸರ್‌ಗೂ ಖುಷಿ ಆಗ್ತೈತಿ.

ಪ್ರಶ್ನೆ: ನಮ್ಮ ಹುಡುಗರು ಎರಡು ಸಿಮ್ಯುಲೇಟರ್ ವೆಬ್ ಸರ್ವಿಸ್ ಮ್ಯಾಲ ಜೋಡಿಸ್ಯಾರ, ಸರಿಯಾಗೇನೋ ನಡೀತೈತಿ, ಆದ್ರ ಒಂದಿನದ ಸಿಮ್ಯುಲೇಶನ್‌ಗೆ ಒಂದ್ ತಾಸಿಗಿಂತ ಜಾಸ್ತಿ ಹಿಡೀತೈತಿ. ಎಕ್ಸ್‌ಎಂಎಲ್ ಬಿಟ್ಟು ಜೆಸನ್ ಮಾಡಿದ್ವಿ, ಹೆಚ್ಚೇನೂ ಫರಕು ಆಗಲಿಲ್ಲ.
(ಉಪನ್ಯಾಸಕರು, ವಿಜಯಪುರ)

ಉತ್ತರ: ಸರ್, ಫಾರ್ಮ್ಯಾಟ್ ನೋಡೂಕಿಂತ ಮೊದಲ ಎಷ್ಟು ಸಲ ಮಾತಾಡಾಕತ್ತಾವ ಅನ್ನೂದನ್ನ ಎಣಿಸ್ರಿ. ಒಂದೊಂದು ಸೆಕೆಂಡಿಗೂ ಒಂದು ರಿಕ್ವೆಸ್ಟ್ ಹೋಗ್ತಿದ್ರ ದಿನಕ್ಕ 86,400 ಆತು. ಹೋಗಿ ಬರಾಕ 50 ಮಿಲಿಸೆಕೆಂಡ್ ಹಿಡಿದ್ರ ಬರೇ ಕಾಯೂದ 4,320 ಸೆಕೆಂಡ್, ಅಂದ್ರ 72 ನಿಮಿಷ. ಪ್ರೋಗ್ರಾಂ ಒಳಗ ಒಂದ್ ಸೆಕೆಂಡಿನ ಸ್ಟೆಪ್ಪೇ ಇರಲಿ, ಹೊರಗ 15 ನಿಮಿಷಕ್ಕೊಮ್ಮೆ ಒಂದ ಕಂತಿನಾಗ ಕಳಸ್ರಿ, 96 ರಿಕ್ವೆಸ್ಟ್, ಐದ್ ಸೆಕೆಂಡಿನ ಒಳಗ ಮುಗೀತು. ಆದ್ರ 15 ನಿಮಿಷದ ಒಳಗ ಒಂದರದು ಇನ್ನೊಂದಕ್ಕ ಪರಿಣಾಮ ಆಗೂದಿಲ್ಲ ಅನ್ನೂದು ನಿಮ್ಮ ಮಾಡೆಲ್‌ನ್ಯಾಗ ಖರೆ ಇರಬೇಕು. ಖರೆ ಇಲ್ಲಂದ್ರ ಅವೆರಡನ್ನೂ ಒಂದ ಮಷಿನ್‌ನ್ಯಾಗ, ಆಗೂದಿದ್ರ ಒಂದ ಪ್ರೋಗ್ರಾಂನ್ಯಾಗ, ಹಾಕೂದು ಒಳ್ಳೇದು.

ರಿಕ್ವೆಸ್ಟಿಗೊಮ್ಮೆ ಹೊಸ ಕನೆಕ್ಷನ್ ತಗೀತಿದ್ರ ಅದನ್ನೂ ನಿಲ್ಲಸ್ರಿ. ಸರ್ವರ್ ತಾನಾಗೇ ಕ್ಲೈಂಟಿಗೆ ಕರೀಬೇಕಾದ ಕಡೆ, ಅಂದ್ರ ಗ್ರ್ಯಾಂಟ್ ಸಿಕ್ತು ಅಂತ ತಿಳಸೂ ಕಡೆ, ಸಾದಾ ರೆಸ್ಟ್ ಇದ್ರ "ಸಿಕ್ತೇನು ಸಿಕ್ತೇನು" ಅಂತ ಕೇಳ್ತಾನ ಇರಬೇಕಾಗ್ತೈತಿ, ಅಲ್ಲಿ ಕನೆಕ್ಷನ್ ತೆರೆದ ಇಟ್ಟು ಸರ್ವರ್ ಕಡಿಂದನೂ ಮೆಸೇಜ್ ಕಳಸಾಕ ಬರೂ ವೆಬ್‌ಸಾಕೆಟ್ ಇಲ್ಲಾ ಜಿಆರ್‌ಪಿಸಿ ಹಾಕ್ರಿ. ಶುರು ಮಾಡೂದು, ಪ್ಯಾರಾಮೀಟರ್ ಕೊಡೂದು, ಕೊನಿಗೆ ರಿಸಲ್ಟ್ ತಗೊಳ್ಳೂದು, ಇದಕ್ಕ ರೆಸ್ಟ್‌ಗಿಂತ ಚಲೋದು ಇಲ್ಲ, ಬ್ರೌಸರ್‌ನ್ಯಾಗನ ನೋಡಬಹುದು, ಕಾಲೇಜಿನ ಫೈರ್‌ವಾಲ್‌ನೂ ಹೆಚ್ಚಾಗಿ ತಡಿಯೂದಿಲ್ಲ.

ಪ್ರಶ್ನೆ: ನಮ್ಮ ಕಡೆ ಸಕ್ಕರಿ ಫ್ಯಾಕ್ಟರಿ ಮುಂದ ಸೀಜನ್‌ನ್ಯಾಗ ಕಬ್ಬಿನ ಟ್ರ್ಯಾಕ್ಟರ್ ಸಾಲುಗಟ್ಟಿ ನಿಲ್ತಾವ. ಆ ಪಾಳಿದು ಸಿಮ್ಯುಲೇಶನ್ ಮಾಡಬೇಕಂತೀನಿ, ಎಷ್ಟು ಸರ್ವರ್ ಬೇಕಾಗ್ತಾವ?
(ಓದುಗ, ಮುಧೋಳ)

ಉತ್ತರ: ಒಂದೂ ಬ್ಯಾಡ್ರಿ. ತೂಕದ ಸೇತುವೆ, ಅನ್‌ಲೋಡಿಂಗ್, ಗಾಡಿ ಬರೂ ಟೈಮು, ಇಷ್ಟನ್ನ ಪೈಥಾನ್‌ನ ಸಿಮ್‌ಪೈನ್ಯಾಗ ಬರದ್ರ ಸಾದಾ ಲ್ಯಾಪ್‌ಟಾಪ್‌ನ್ಯಾಗ ಇಡೀ ಸೀಜನ್ ಓಡಿ ಮುಗೀತೈತಿ. ಮಾಡೆಲ್‌ಗಳು ಬ್ಯಾರೆ ಬ್ಯಾರೆಯವರ ಹತ್ರ ಇದ್ದು ಕೋಡ್ ಕೊಡಾಕ ಬರದಿದ್ದಾಗ, ಇಲ್ಲಾ ಒಂದ ಮಷಿನ್‌ನ್ಯಾಗ ಹಿಡಿಸದ ಇದ್ದಾಗ ಹಂಚ್ರಿ. ನಿಮ್ಮ ಶ್ರಮಾನ ಗೇಟಿನಾಗ ನಿಂತು ಗಾಡಿ ಬರೂ ಟೈಮ್ ಬರ್ಕೊಳ್ಳಾಕ ಹಾಕ್ರಿ, ಉತ್ತರದ ಬೆಲೆ ಅದರ ಮ್ಯಾಲ ಐತಿ.

ಪ್ರಶ್ನೆ: ನಮ್ಮ ಸಿಮ್ಯುಲೇಶನ್ ಮೂರು ಊರಾಗ ಮೂರು ಕಂಪ್ಯೂಟರ್ ಮ್ಯಾಲ ನಡೀತೈತಿ. ನಡುವ ಕರೆಂಟ್ ಇಲ್ಲಾ ನೆಟ್ ಹೋದ್ರ ಮೊದಲಿಂದ ಶುರು ಮಾಡಬೇಕಾಗ್ತೈತಿ, ಒಮ್ಮೊಮ್ಮೆ ರಿಸಲ್ಟ್‌ನ ಬ್ಯಾರೆ ಬರ್ತೈತಿ.
(ಓದುಗರು, ಬೆಳಗಾವಿ)

ಉತ್ತರ: ರಿಸಲ್ಟ್ ಬ್ಯಾರೆ ಬರೂದು ಹೆಚ್ಚಿನ ಮಟ್ಟಿಗೆ ರಿಟ್ರೈದಿಂದ. ಮೆಸೇಜ್ ಮುಟ್ಟಿರ್ತೈತಿ, ಉತ್ತರ ವಾಪಸ್ ಬರೂವಾಗ ನೆಟ್ ಹೋಗಿರ್ತೈತಿ, ಕಳಿಸಿದವರು ಮುಟ್ಟಿಲ್ಲ ಅಂತ ತಿಳಿದು ಮತ್ತ ಕಳಸ್ತಾರ. 1 ಲಕ್ಷ ಕ್ಯೂಸೆಕ್‌ನ ಒಂದ್ ತಾಸಿನ ನೀರು ಎರಡು ಸಲ ಜಮಾ ಆದ್ರ 0.36 ಟಿಎಂಸಿ ಇಲ್ಲದ ನೀರು ಜಲಾಶಯಕ್ಕ ಬಂತು. ಆಲಮಟ್ಟಿಯ 123 ಟಿಎಂಸಿ ಮುಂದ ಇದು ಸಣ್ಣದು ಅನಸ್ತೈತಿ, ಆದ್ರ ದಿನಾ ಹತ್ತು ಸಲ ಆದ್ರ? ಪ್ರತಿ ಮೆಸೇಜಿಗೂ ಕಳಿಸಿದವರ ಹೆಸರು, ಸಿಮ್ಯುಲೇಶನ್ ಟೈಮು, ಒಂದು ನಂಬರ್ ಹಾಕ್ರಿ, ಆ ನಂಬರ್ ಮೊದಲ ಬಂದಿದ್ರ ತಗೊಂಡವರು ಮತ್ತ ಕೂಡಸದ ಹಳೇ ಉತ್ತರಾನ ಕೊಡಲಿ. ಒಂದ ಟೈಮಿಗೆ ಎರಡು ಮೆಸೇಜ್ ಬಂದ್ರ ಯಾವುದು ಮೊದಲು ಅನ್ನೂದಕ್ಕೂ ನಿಯಮ ಇರಲಿ, ಮೊದಲ ಮುಟ್ಟಿದ್ದು ಮೊದಲು ಅಂತ ಮಾಡಿದ್ರ ನೆಟ್ ಸ್ಪೀಡಿನ ಪ್ರಕಾರ ಉತ್ತರ ಬದಲಾಗ್ತೈತಿ.

ಮೊದಲಿಂದ ಶುರು ಮಾಡೂ ಕಷ್ಟಕ್ಕ ಚೆಕ್‌ಪಾಯಿಂಟ್ ಬೇಕು. ಆದ್ರ ಒಬ್ಬೊಬ್ಬರು ತಮಗ ಬೇಕಾದಾಗ ಸೇವ್ ಮಾಡಿದ್ರ ಅದು ಉಪಯೋಗಕ್ಕ ಬರೂದಿಲ್ಲ, ಮೂರೂ ಮಷಿನ್ ಸಿಮ್ಯುಲೇಶನ್ನಿನ ಒಂದ ಹೊತ್ತಿಗೆ ನಿಂತು, ದಾರಿಯೊಳಗ ಇರೂ ಮೆಸೇಜ್‌ಗಳನ್ನೂ ಸೇರಿಸಿ ಸೇವ್ ಮಾಡಬೇಕು. ಎಚ್‌ಎಲ್‌ಎದಾಗ ಫೆಡರೇಶನ್ ಸೇವ್, ರಿಸ್ಟೋರ್ ಅಂತ ಇದಕ್ಕ ಬ್ಯಾರೆ ಸರ್ವಿಸ್‌ನ ಅದಾವ. ನಿಮ್ಮದು ಸ್ವಂತದ್ದಾಗಿದ್ರ ಕೋಆರ್ಡಿನೇಟರ್‌ನಿಂದ ಸಿಮ್ಯುಲೇಶನ್ನಿನ ಪ್ರತಿ ಆರು ತಾಸಿಗೊಮ್ಮೆ ಎಲ್ಲಾರಿಗೂ ಸೇವ್ ಅಂತ ಹೇಳಸ್ರಿ, ಮೂರೂ ಕಡಿಂದ ಆತು ಅಂತ ಬಂದ ಮ್ಯಾಲನ ಮುಂದಿನ ಗ್ರ್ಯಾಂಟ್ ಕೊಡಸ್ರಿ. ಕೋಆರ್ಡಿನೇಟರ್ ಮಾತ್ರ ಯುಪಿಎಸ್ ಇರೂ ಮಷಿನ್‌ನ್ಯಾಗ ಇರಲಿ.