ಲೋಗೊ, ಹೆಸರಾದ ಚಿತ್ರಗಳ ಅಣಕ ಸಾಮಾಜಿಕ ಟೀಕೆ ಆಗುವುದು ಹೇಗೆ? ಫ್ಲೋರೈಡ್ ನೀರಿನ ಬಗ್ಗೆ ಇಂಥದ್ದನ್ನು ಮಾಡಬಹುದೇ?

ನೀವು ಕೇಳಿರುವುದು ಎರಡು. ಕಂಪನಿ ಲೋಗೊವನ್ನೋ ಹೆಸರಾದ ಚಿತ್ರವನ್ನೋ ತಿರುಚಿದರೆ ಅದು ಟೀಕೆ ಹೇಗಾಗುತ್ತದೆ? ಕುಷ್ಟಗಿ ಕಡೆಯ ಹಳ್ಳಿಗಳ ಫ್ಲೋರೈಡ್ ನೀರಿನ ಬಗ್ಗೆ ನಿಮ್ಮ ಕಾಲೇಜಿನ ಪ್ರದರ್ಶನಕ್ಕೆ ಅಂಥದ್ದೊಂದು ಮಾಡಬಹುದೇ?

ಖಂಡಿತ ಮಾಡಬಹುದು. ಆದರೆ ಬಹಳ ಜನ ಎಲ್ಲವನ್ನೂ ಬದಲಾಯಿಸಲು ಹೋಗಿ ಕೆಡಿಸುತ್ತಾರೆ. ಅಣಕಕ್ಕೆ ಬಲ ಬರುವುದು ಬದಲಾಗದೆ ಉಳಿದ ಭಾಗದಿಂದ. ನೋಡಿದವರಿಗೆ ಮೊದಲು ‘ಇದು ಗೊತ್ತಿರೋದೇ’ ಅನ್ನಿಸಬೇಕು, ಮರುಕ್ಷಣ ಕಣ್ಣು ಒಂದು ಕಡೆ ತಡೆಯಬೇಕು. ಹಾಗೆ ತಡೆಯುವ ಜಾಗದಲ್ಲಿ ನೀವು ಹೇಳಬೇಕಾದ ಸತ್ಯ ಇರಬೇಕು. ಅಲ್ಲಿ ಬರೀ ತಮಾಷೆ ಇದ್ದರೆ ನಕ್ಕು ಮುಂದೆ ಹೋಗುತ್ತಾರೆ.

ಇದಕ್ಕೆ ನಾನು ಮೊದಲು ತೋರಿಸುವುದು ಅಮೆರಿಕದ ಫೋಟೊಗ್ರಾಫರ್ ಗಾರ್ಡನ್ ಪಾರ್ಕ್ಸ್ 1942ರಲ್ಲಿ ತೆಗೆದ ಫೋಟೊ. ಅಲ್ಲಿನದೇ ಚಿತ್ರಕಾರ ಗ್ರಾಂಟ್ ವುಡ್ 1930ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಚಿತ್ರದಲ್ಲಿ ಮನೆಯ ಮುಂದೆ ಮೂರು ಹಲ್ಲಿನ ಕವೆಗೋಲು ಹಿಡಿದ ರೈತ, ಪಕ್ಕದಲ್ಲೊಬ್ಬ ಹೆಣ್ಣುಮಗಳು, ಇಬ್ಬರೂ ಬಿಗಿಮುಖದಲ್ಲಿ ನಿಂತಿದ್ದಾರೆ. ಪಾರ್ಕ್ಸ್ ಆ ಬಿಗಿ ನಿಲುವನ್ನು ಹಾಗೇ ಇಟ್ಟುಕೊಂಡರು. ನಿಲ್ಲಿಸಿದ್ದು ಮಾತ್ರ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದನ್ನು ಗುಡಿಸುತ್ತಿದ್ದ ಕಪ್ಪು ಮಹಿಳೆ ಎಲ್ಲಾ ವಾಟ್ಸನ್ ಅವರನ್ನು. ಕೈಯಲ್ಲಿ ಪೊರಕೆ, ಪಕ್ಕದಲ್ಲಿ ನೆಲ ಒರೆಸುವ ಮಾಪ್, ಬೆನ್ನ ಹಿಂದೆ ಇಳಿಬಿಟ್ಟ ಅಮೆರಿಕದ ಬಾವುಟ. ಆ ದೇಶದಲ್ಲಿ ಯಾರಿಗೆ ಯಾವ ಜಾಗ ಎಂಬುದು ಒಂದು ಸಾಲೂ ಬರೆಯದೆ ತಿಳಿಯುತ್ತದೆ. ನಮ್ಮಲ್ಲಿ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ಫೋಟೊ ಸರಣಿಯನ್ನೂ ನೋಡಿ. ರವಿವರ್ಮನ ಲಕ್ಷ್ಮಿಯಂಥ ಚಿತ್ರಗಳಲ್ಲಿ ತಾವೇ ವೇಷ ಕಟ್ಟಿ ನಿಂತಿದ್ದಾರೆ. ನಾವು ಕ್ಯಾಲೆಂಡರಿನಲ್ಲಿ ನೋಡುತ್ತಾ ಬೆಳೆದ ‘ಆದರ್ಶ ಹೆಣ್ಣು’ ಎಷ್ಟು ಕಟ್ಟಿದ ವೇಷ ಎಂಬುದು ಆಗ ಕಾಣುತ್ತದೆ.

ಲೋಗೊ ವಿಷಯ ಸ್ವಲ್ಪ ಬೇರೆ. ಲೋಗೊ ಅಂದರೆ ಕಂಪನಿ ತನ್ನ ಬಗ್ಗೆ ತಾನೇ ಕೊಡುವ ಮಾತು. ಬಿಪಿ ಎಂಬ ತೈಲ ಕಂಪನಿ 2000ದಲ್ಲಿ ಹಸಿರು-ಹಳದಿ ಎಸಳಿನ ಸೂರ್ಯನ ಲೋಗೊ ತಂದಿತು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಅದೇ ಕಂಪನಿಯ ತೈಲಬಾವಿಯಲ್ಲಿ ಸ್ಫೋಟವಾಗಿ 11 ಕಾರ್ಮಿಕರು ಸತ್ತರು, ಸಮುದ್ರದ ತುಂಬ ಎಣ್ಣೆ ಹರಿಯಿತು. ಆಗ ಪರಿಸರ ಸಂಘಟನೆ ಗ್ರೀನ್‌ಪೀಸ್ ಆ ಲೋಗೊವನ್ನು ಹೊಸದಾಗಿ ಬರೆಯಿರಿ ಎಂದು ಜನರನ್ನೇ ಕರೆಯಿತು. ಆ ಹಸಿರು ಎಸಳುಗಳಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿದರೆ ಸಾಕು, ಕೊಟ್ಟ ಮಾತು ಮತ್ತು ನಡೆದದ್ದು ಎರಡೂ ಒಂದೇ ಚಿತ್ರದಲ್ಲಿ ಎದುರುಬದುರಾಗುತ್ತವೆ.

ನಿಮ್ಮ ಕೆಲಸಕ್ಕೆ ತೀರ ಹತ್ತಿರದ ಉದಾಹರಣೆ ಭೋಪಾಲಿನದು. ಅನಿಲ ದುರಂತದ 25ನೇ ವರ್ಷ, 2009ರಲ್ಲಿ, ಹೋರಾಟಗಾರರು ಅಲ್ಲಿನ ಕಲುಷಿತ ನೀರನ್ನು ದುಬಾರಿ ಬಾಟಲಿ ನೀರಿನ ಹಾಗೆ ಚೆಂದದ ಲೇಬಲ್ ಹಚ್ಚಿ ಲಂಡನ್ನಿನಲ್ಲಿ ಜನರ ಮುಂದಿಟ್ಟರು. ಫ್ಲೋರೈಡಿಗೆ ಈ ದಾರಿ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಯಾಕೆಂದರೆ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆ ಇಲ್ಲ. ಬೋರ್‌ವೆಲ್ ನೀರು ಬಾಟಲಿಯಲ್ಲಿ ತಿಳಿಯಾಗೇ ಕಾಣುತ್ತದೆ. ಹಲ್ಲು ಕಂದಾಗುವುದು, ಮೂಳೆ ಬಾಗುವುದು ವರ್ಷಗಳ ಮೇಲೆ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಅಂಶ ಇನ್ನೂ ಹೆಚ್ಚುತ್ತದೆ. ಕಣ್ಣಿಗೆ ಕಾಣದ ಇದನ್ನು ಲೇಬಲ್ ಕಾಣಿಸಬೇಕು.

ಹಾಗಾಗಿ ಪೋಸ್ಟರ್ ಬಿಟ್ಟು ಬಾಟಲಿಯನ್ನೇ ಮಾಡಿ. ಒಂದು ಲೀಟರಿನ ಬಾಟಲಿಗೆ ದಾರ ಸುತ್ತಿ ಅಳೆಯಿರಿ. ಅಡ್ಡಳತೆ 8 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 25 ಸೆಂ.ಮೀ., ಅಂಟಿಸಲು 1 ಸೆಂ.ಮೀ. ಸೇರಿ 26. ಎ4 ಸ್ಟಿಕರ್ ಹಾಳೆ 29.7 ಸೆಂ.ಮೀ. ಉದ್ದ, 21 ಅಗಲ. 6 ಸೆಂ.ಮೀ. ಎತ್ತರದ ಮೂರು ಲೇಬಲ್ ಅದರಲ್ಲಿ ಕೂರುತ್ತವೆ. ಇಂಕ್‌ಜೆಟ್ ಬೇಡ, ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ. ಲೇಸರ್ ಪ್ರಿಂಟ್ ತೆಗೆಸಿ.

ಯಾವುದೇ ಒಂದು ಬ್ರ್ಯಾಂಡನ್ನು ನಕಲು ಮಾಡಬೇಡಿ. ನಿಮ್ಮ ತಕರಾರು ಆ ಕಂಪನಿಯ ಮೇಲಲ್ಲ, ಸುಮ್ಮನೆ ಮಾತು ದಾರಿ ತಪ್ಪುತ್ತದೆ. ಎಲ್ಲ ಬಾಟಲಿಗಳಲ್ಲೂ ಇರುವ ನೀಲಿ ಬೆಟ್ಟ, ಹಿಮ, ನೀರ ಹನಿ, ಓರೆಯಾದ ದಪ್ಪ ಅಕ್ಷರದ ಹೆಸರು ಸಾಕು. ಹೆಸರಿನ ಜಾಗದಲ್ಲಿ ನಿಮ್ಮ ಊರ ಹೆಸರು. ಉಳಿದ ಮುಖ್ಯ ಬದಲಾವಣೆ ಹಿಂಬದಿಯ ಖನಿಜಾಂಶದ ಪಟ್ಟಿಯಲ್ಲಿ. ಅಲ್ಲಿ ಕುಡಿಯುವ ನೀರಿನ ಐಎಸ್ 10500 ಮಾನದಂಡ ಬರೆಯಿರಿ: ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ಪಕ್ಕದಲ್ಲೇ ನಿಮ್ಮ ಊರಿನ ನೀರಿನ ಅಂಕಿ, ಪರೀಕ್ಷೆಯ ದಿನಾಂಕ, ಯಾವ ಓಣಿಯ ಬೋರ್‌ವೆಲ್ ಎಂಬುದು. ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್ಟಿನ ಬಣ್ಣ ನೋಡಿ ಅಂದಾಜಿಗೆ ಬರೆಯಬೇಡಿ. ಪ್ರಯೋಗಾಲಯದ ವರದಿಯೇ ಬೇಕು, ಅದರ ಪ್ರತಿ ಮೇಜಿನ ಮೇಲೂ ಇರಬೇಕು. ಅಂಕಿ ತಪ್ಪಿದರೆ ಇಡೀ ಪ್ರದರ್ಶನ ಒಂದೇ ಮಾತಿನಲ್ಲಿ ಬಿದ್ದುಹೋಗುತ್ತದೆ.

ಕನ್ನಡ ಅಕ್ಷರದ ತೊಂದರೆ ಮೊದಲೇ ಹೇಳಿಬಿಡುತ್ತೇನೆ. ಫ್ಲೆಕ್ಸ್ ಅಂಗಡಿಗಳ ಹಳೆ ಕೋರೆಲ್ ಡ್ರಾ ತಂತ್ರಾಂಶದಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಅವರ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಓದಲಾಗದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಅಕ್ಷರ ಸರಿಯಾಗಿ ಕೂತ ಮೇಲೆ ಕರ್ವ್ಸ್ ಮಾಡಿಸಿ, ಅಂದರೆ ಅಕ್ಷರಗಳನ್ನು ಫಾಂಟ್ ಬೇಡದ ರೇಖಾಚಿತ್ರವಾಗಿಸಿ, ಪಿಡಿಎಫ್ ಒಯ್ಯಿರಿ. ಪಟ್ಟಿಯ ಅಕ್ಷರ ತೀರ ಸಣ್ಣದಾದರೆ ಒತ್ತುಗಳು ತುಂಬಿಕೊಂಡು ಮಸಿಯಾಗುತ್ತವೆ, ಒಂದು ಲೇಬಲ್ ತೆಗೆಸಿ ನೋಡಿಯೇ ಉಳಿದದ್ದು ಮುದ್ರಿಸಿ.

ಕಾನೂನಿನ ಮಾತೂ ಇದೆ. ಐಎಸ್‌ಐ ಗುರುತು ಹಾಕಿದರೆ ಲೇಬಲ್ ಇನ್ನೂ ನಿಜ ಅನ್ನಿಸುತ್ತದೆ, ಆದರೆ ಪರವಾನಗಿ ಇಲ್ಲದೆ ಅದನ್ನು ಬಳಸುವುದು 2016ರ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಕಾಯ್ದೆ ಪ್ರಕಾರ ಅಪರಾಧ. ಆ ಜಾಗವನ್ನು ಖಾಲಿ ಚೌಕವಾಗಿ ಬಿಡಿ, ಅದೂ ಮಾತಾಡುತ್ತದೆ. ರಾಷ್ಟ್ರಲಾಂಛನದ ತಂಟೆಗೂ ಹೋಗಬೇಡಿ. ಸಿಂಹಗಳ ಜಾಗದಲ್ಲಿ ತೋಳ ಬರೆದ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ 2012ರಲ್ಲಿ ಬಂಧನಕ್ಕೊಳಗಾದರು. ಕಂಪನಿ ಲೋಗೊ ವಿಷಯದಲ್ಲಿ ನಮ್ಮ ನ್ಯಾಯಾಲಯ ಟೀಕೆಗೆ ಜಾಗ ಕೊಟ್ಟಿದೆ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಅಪಾಯ ಎಂದು ಗ್ರೀನ್‌ಪೀಸ್ ಟಾಟಾ ಹೆಸರು ಬಳಸಿ ಕಂಪ್ಯೂಟರ್ ಆಟ ಮಾಡಿದಾಗ, ಅದಕ್ಕೆ ತಡೆ ಕೊಡಲು 2011ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಹಾಗಂತ ನಿಮ್ಮ ಬಾಟಲಿ ಮಾರಬೇಡಿ. ವ್ಯಾಪಾರಕ್ಕೆ ಇಳಿದರೆ ಲೆಕ್ಕ ಬೇರೆ.

ಬಾಟಲಿ ನಿಜವಾದ್ದರಂತೆ ಕಂಡಷ್ಟೂ ಯಾರಾದರೂ ಎತ್ತಿ ಕುಡಿಯುವ ಅಪಾಯ ಹೆಚ್ಚು, ಮಕ್ಕಳಂತೂ ಖಂಡಿತ. ಮುಚ್ಚಳವನ್ನು ಅಂಟು ಹಾಕಿ ಬಿಗಿ ಮಾಡಿ, ಮುಚ್ಚಳದ ಮೇಲೆಯೇ ‘ಕುಡಿಯಬೇಡಿ’ ಎಂದು ಕೆಂಪಕ್ಷರದಲ್ಲಿ ಬರೆಯಿರಿ. ಜನ ಫೋಟೊ ತೆಗೆದು ವಾಟ್ಸಾಪಿಗೆ ಹಾಕುವುದು ಮುಂಬದಿಯನ್ನು ಮಾತ್ರ. ಆದ್ದರಿಂದ ಊರ ಹೆಸರಿನ ಕೆಳಗೆ ಫ್ಲೋರೈಡ್ ಅಂಕಿಯನ್ನೂ ದಿನಾಂಕವನ್ನೂ ಸಣ್ಣದಾಗಿ ಇನ್ನೊಮ್ಮೆ ಹಾಕಿ.