ಪೇಟೆಯ ಧಗೆ ಹವಾಮಾನ ಮಾದರಿಗೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ನಮ್ಮ ಮನೆ ಇದೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಧಗೆ ಇಳಿಯುವುದಿಲ್ಲ. ಅದೇ ಹೊತ್ತಿನಲ್ಲಿ ಊರಾಚೆ ಗೊರೂರು ರಸ್ತೆಯಲ್ಲಿರುವ ತೋಟದ ಮನೆಯಲ್ಲಿ ಹೊದಿಕೆ ಬೇಕಾಗುತ್ತದೆ. ಮೊಬೈಲ್ ಮಾತ್ರ ಎರಡೂ ಕಡೆ ಒಂದೇ ಉಷ್ಣಾಂಶ ತೋರಿಸುತ್ತದೆ. ಹವಾಮಾನದ ಲೆಕ್ಕ ಹಾಕುವ ಕಂಪ್ಯೂಟರಿಗೆ ಪೇಟೆಯಿರುವುದೇ ತಿಳಿಯುವುದಿಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ತಿಳಿಯುತ್ತದೆ, ಆದರೆ ನಾವು ಹೇಳಿಕೊಟ್ಟಷ್ಟೇ ತಿಳಿಯುತ್ತದೆ, ಹಾಸನದಂಥ ಊರುಗಳ ಬಗ್ಗೆ ನಾವು ಹೇಳಿಕೊಟ್ಟಿರುವುದು ಬಹಳ ಕಡಿಮೆ.

ಮುನ್ಸೂಚನೆಯ ಗಣಿತ ಮಾದರಿಯು ನೆಲವನ್ನೂ ಅದರ ಮೇಲಿನ ವಾಯುಮಂಡಲವನ್ನೂ ಚೌಕಗಳಾಗಿ ವಿಂಗಡಿಸಿಕೊಂಡು ಪ್ರತಿ ಚೌಕಕ್ಕೂ ಒಂದು ಉಷ್ಣಾಂಶ, ಒಂದು ತೇವಾಂಶ, ಒಂದು ಗಾಳಿಯ ವೇಗ ಎಂಬಂತೆ ಲೆಕ್ಕ ಇಡುತ್ತದೆ. ನಮ್ಮ ದೇಶದಲ್ಲಿ ಕೆಲವು ವರ್ಷಗಳಿಂದ ಬಳಕೆಯಲ್ಲಿದ್ದ ಜಾಗತಿಕ ಮಾದರಿಯ ಚೌಕ ಸುಮಾರು 12 ಕಿ.ಮೀ. ಅಗಲದ್ದು, 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಅದು 6 ಕಿ.ಮೀ.ಗೆ ಇಳಿದಿದೆ. 12 ಕಿ.ಮೀ. ಚೌಕವನ್ನು ಹಾಸನದ ಮೇಲಿಟ್ಟು ನೋಡಿದರೆ ಬಿ.ಎಂ. ರಸ್ತೆಯ ಅಂಗಡಿಸಾಲು, ಮಹಾರಾಜ ಪಾರ್ಕು, ಸುತ್ತಲಿನ ಆಲೂಗಡ್ಡೆ ಹೊಲ, ಕೆರೆ, ತೆಂಗಿನ ತೋಟ ಎಲ್ಲವೂ ಅದರೊಳಗೇ ಬಂದುಬಿಡುತ್ತವೆ. ಚೌಕದಲ್ಲಿ ಯಾವುದು ಹೆಚ್ಚಿದೆಯೋ ಅದೇ ಇಡೀ ಚೌಕದ ನೆಲವೆಂದು ಎಣಿಸುವ ಪದ್ಧತಿಯಲ್ಲಿ ಹಾಸನವೆಂಬುದು ಬರೀ ಹೊಲ. ಈಗಿನ ಹಲವು ಮಾದರಿಗಳು ಇಷ್ಟು ಪಾಲು ಹೊಲ, ಇಷ್ಟು ನೀರು, ಇಷ್ಟು ಊರು ಎಂದು ಬೇರೆಬೇರೆಯಾಗಿ ಲೆಕ್ಕ ಮಾಡಿ ಕೊನೆಗೆ ಸರಾಸರಿ ತೆಗೆಯುತ್ತವೆ. ನಿಮ್ಮ ಮೊಬೈಲಿಗೆ ಬರುವುದು ಸಾಮಾನ್ಯವಾಗಿ ಇಂಥ ಸರಾಸರಿಯೇ.

ಪೇಟೆಯ ರಾತ್ರಿ ಹಳ್ಳಿಯ ರಾತ್ರಿಗಿಂತ ಬೆಚ್ಚಗಿರುತ್ತದೆಂಬುದನ್ನು ಲಂಡನ್ನಿನ ಲ್ಯೂಕ್ ಹೋವರ್ಡ್ 19ನೇ ಶತಮಾನದ ಆರಂಭದಲ್ಲೇ ಉಷ್ಣಮಾಪಕದ ದಾಖಲೆಗಳಿಂದ ತೋರಿಸಿದ್ದರು. ಮಾದರಿಗಳೊಳಗೆ ಬೀದಿಯೊಂದು ಸರಿಯಾಗಿ ಬಂದು ಕೂತದ್ದು ಮಾತ್ರ ತೀರ ಈಚೆಗೆ. ಫ್ರಾನ್ಸಿನ ವ್ಯಾಲೆರಿ ಮಾಸ್ಸೋಂ 2000ದಲ್ಲಿ ಪ್ರಕಟಿಸಿದ ವಿಧಾನ ಹಾಗೂ ಜಪಾನಿನ ಕುಸಾಕ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ವಿಧಾನ ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಒಂದೊಂದೇ ಕಟ್ಟಡವನ್ನು ಬಿಡಿಸುವುದಿಲ್ಲ. ನಡುವೆ ರಸ್ತೆ, ಎರಡು ಬದಿಗೆ ಗೋಡೆ, ಮೇಲೆ ತಾರಸಿ, ಇಷ್ಟೇ ಇರುವ ಒಂದು ಸರಾಸರಿ ಬೀದಿಯನ್ನು ಕಲ್ಪಿಸಿಕೊಂಡು, ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ, ಒಂದು ಗೋಡೆಯಿಂದ ಚಿಮ್ಮಿದ ಬೆಳಕನ್ನು ಎದುರಿನ ಗೋಡೆ ಎಷ್ಟು ಹೀರಿಕೊಳ್ಳುತ್ತದೆ, ಶಾಖ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನೆಲ್ಲ ಗಳಿಗೆಗಳಿಗೆಗೂ ಲೆಕ್ಕ ಹಾಕುತ್ತಾರೆ.

ನಿಮ್ಮ ಎರಡು ಮನೆಗಳನ್ನೇ ಈ ಲೆಕ್ಕಕ್ಕೆ ಹಚ್ಚಿ ನೋಡೋಣ. ತೋಟದ ನೆಲದಲ್ಲಿ ತೇವವಿದ್ದರೆ ಬಿಸಿಲಿನ ಬಹುಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಕ್ತಿ ಬೇಕು. ಕಾಂಕ್ರೀಟಿನಲ್ಲಿ ಆ ಖರ್ಚಿಲ್ಲವಾದ್ದರಿಂದ ಬಿಸಿಲು ಗಾಳಿಯನ್ನು ಕಾಯಿಸುತ್ತದೆ, ಉಳಿದದ್ದು ಗೋಡೆ-ತಾರಸಿಗಳೊಳಗೆ ಸೇರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ತೋಟದ ಅಂಗಳ ಇಡೀ ಆಕಾಶಕ್ಕೆ ತೆರೆದುಕೊಂಡು ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಮಾರುಕಟ್ಟೆಯ ಓಣಿಗೆ ಆಕಾಶ ಕಾಣುವುದೇ ಒಂದು ಪಟ್ಟಿಯಷ್ಟು. ಗೋಡೆ ಬಿಟ್ಟ ಶಾಖವನ್ನು ಎದುರಿನ ಗೋಡೆ ಹಿಡಿದುಕೊಳ್ಳುತ್ತದೆ, ತಣ್ಣಗಿನ ಗಾಳಿಯೂ ಒಳಗೆ ನುಗ್ಗಲಾರದು. ಚಾವಣಿಯಲ್ಲೂ ವ್ಯತ್ಯಾಸವಿದೆ: ಮಂಗಳೂರು ಹೆಂಚು ತೆಳ್ಳಗಿದ್ದು ಕತ್ತಲಾಗುತ್ತಲೇ ತಣಿಯುತ್ತದೆ, ನಾಲ್ಕೈದು ಅಂಗುಲ ದಪ್ಪದ ಆರ್‌ಸಿಸಿ ತಾರಸಿ ಹಗಲಿಡೀ ಕುಡಿದ ಶಾಖವನ್ನು ನಡುರಾತ್ರಿಯವರೆಗೂ ಬಿಡುತ್ತಲೇ ಇರುತ್ತದೆ. ವಾಹನ, ಒಲೆ, ಏಸಿಗಳ ಶಾಖವನ್ನೂ ಮಾದರಿಗೆ ಸೇರಿಸುತ್ತಾರೆ. ಹಾಸನದ ಮಟ್ಟಿಗೆ ಅದು ಚಿಕ್ಕ ಪಾಲೆಂದೇ ನನ್ನ ಎಣಿಕೆ.

ಭೌತಶಾಸ್ತ್ರ ಇಷ್ಟು ಚೆನ್ನಾಗಿ ಗೊತ್ತಿದ್ದೂ ಲೆಕ್ಕ ತಪ್ಪುವುದು ಊರಿನ ವಿವರಗಳ ಕೊರತೆಯಿಂದ. ಕಟ್ಟಡಗಳ ಎತ್ತರ, ಬೀದಿಯ ಅಗಲ, ತಾರಸಿಯ ಬಣ್ಣ ಮತ್ತು ದಪ್ಪ, ಹಿತ್ತಿಲ ಮರ, ಇವನ್ನು ಯಾರಾದರೂ ತುಂಬಿಕೊಡಬೇಕು. ಸ್ಟೂವರ್ಟ್ ಮತ್ತು ಓಕ್ 2012ರಲ್ಲಿ ಊರು ಮತ್ತು ನೆಲದ ಬಗೆಗಳನ್ನು 17 ವರ್ಗಗಳಾಗಿ ವಿಂಗಡಿಸಿದರು. ಅವುಗಳಲ್ಲಿ 10 ಕಟ್ಟಡಗಳಿರುವ ಪ್ರದೇಶಗಳಿಗೆ ಸಂಬಂಧಿಸಿದವು. ಉಪಗ್ರಹ ಚಿತ್ರಗಳಿಂದ ಜಗತ್ತಿನ ಊರುಗಳನ್ನೆಲ್ಲ ಈ ವರ್ಗಗಳಿಗೆ ಹಚ್ಚಿದ ನಕ್ಷೆಗಳು ಈಗ ಸಿಗುತ್ತವೆ. ದೊಡ್ಡ ಉಪಕಾರವೇ. ಆದರೂ ಒಂದಕ್ಕೊಂದು ಅಂಟಿಕೊಂಡ ಆರ್‌ಸಿಸಿ ಮನೆಗಳ ನಡುವೆ ಹಳೆಯ ಹೆಂಚಿನ ಮನೆ, ಅದರ ಹಿಂದೆ ನಾಲ್ಕು ತೆಂಗಿನ ಮರ ಇರುವ ನಮ್ಮ ಬೀದಿಗೆ ಒಂದೇ ವರ್ಗದ ಒಂದೇ ಅಂಕಿ ಕೊಟ್ಟರೆ ಸಾಲದು.

ನೀವೇ ಅಳೆದು ನೋಡುವುದಾದರೆ ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಮೊದಲು ಒಂದೇ ಕಡೆ ಇಟ್ಟು ತಾಳೆ ನೋಡಿಕೊಳ್ಳಿ. ಆಮೇಲೆ ಎರಡೂ ಕಡೆ ಗೋಡೆಯಿಂದ ದೂರದಲ್ಲಿ, ನಾಲ್ಕೈದು ಅಡಿ ಎತ್ತರದಲ್ಲಿ, ಗಾಳಿಯಾಡುವಂತೆ ತೂಗುಹಾಕಿ ರಾತ್ರಿ ಒಂದೇ ಹೊತ್ತಿಗೆ ಓದಿ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ವ್ಯತ್ಯಾಸ ಹೆಚ್ಚು ಕಾಣುತ್ತದೆ.

ಪ್ರಶ್ನೆ: ಚಿಕ್ಕಮಗಳೂರು ಮೊದಲಿನಷ್ಟು ತಂಪಾಗಿಲ್ಲ. ಊರು ಬೆಳೆದದ್ದೇ ಇದಕ್ಕೆ ಕಾರಣವೆಂದು ಮಾದರಿಯಿಂದ ಹೇಳಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಅದಕ್ಕೊಂದು ಒಳ್ಳೆಯ ಉಪಾಯವಿದೆ. ಅದೇ ದಿನಗಳ ಹವೆಯನ್ನು ಮಾದರಿಯಲ್ಲಿ ಎರಡು ಸಲ ಓಡಿಸುತ್ತಾರೆ: ಒಂದು ಸಲ ಊರು ಇದ್ದಂತೆಯೇ, ಇನ್ನೊಂದು ಸಲ ಊರಿನ ಜಾಗದಲ್ಲಿ ಹೊಲ ಇಟ್ಟು. ಲೋಕದ ತಾಪಮಾನ ಏರಿದ್ದು ಎರಡರಲ್ಲೂ ಸಮನಾಗಿ ಇರುವುದರಿಂದ ಉಳಿಯುವ ವ್ಯತ್ಯಾಸ ಊರಿನದು.

ಚಿಕ್ಕಮಗಳೂರಿನಲ್ಲಿ ಇದು ಸುಲಭವಲ್ಲ. ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದ್ದರೆ ಹತ್ತಿರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ದೊಡ್ಡ ಚೌಕದಲ್ಲಿ ಗಿರಿ ತಗ್ಗುತ್ತದೆ, ಪೇಟೆ ಮೇಲೇರುತ್ತದೆ. ಎತ್ತರ ಒಂದು ಕಿ.ಮೀ. ಹೆಚ್ಚಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುವುದರಿಂದ, ಮಾದರಿಯ ನೆಲ 300 ಮೀಟರ್ ತಪ್ಪಿದರೂ ಸುಮಾರು 2 ಡಿಗ್ರಿಯ ವ್ಯತ್ಯಾಸ ಬರುತ್ತದೆ. ಊರಿನ ಪ್ರಭಾವವೂ ಅಷ್ಟರೊಳಗೇ ಇರಬಹುದು. ರಾತ್ರಿ ಇಳಿಜಾರಿನಲ್ಲಿ ಹರಿದು ಬರುವ ತಣ್ಣನೆ ಗಾಳಿಯನ್ನೂ ದೊಡ್ಡ ಚೌಕ ಕಾಣಲಾರದು. ಸಿಲ್ವರ್ ಮರದ ನೆರಳಿನ ಕಾಫಿ ತೋಟವನ್ನು ಕಾಡೆನ್ನಬೇಕೋ ಹೊಲವೆನ್ನಬೇಕೋ ಎಂಬ ತೊಡಕು ಬೇರೆ. ಆದ್ದರಿಂದ ದೊಡ್ಡ ಚೌಕಗಳೊಳಗೆ 1 ಕಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಚೌಕಗಳನ್ನು ಹೆಣೆದು ಲೆಕ್ಕ ಮಾಡಬೇಕು. ಅದಕ್ಕೆ ಬೇಕಾದ ಕಟ್ಟಡಗಳ ಎತ್ತರ-ಅಗಲಗಳು ಮನೆ ಕಟ್ಟಲು ಅನುಮತಿ ಪಡೆಯುವಾಗ ಸಲ್ಲಿಸುವ ನಕ್ಷೆಗಳಲ್ಲೇ ಇರುತ್ತವೆ. ಆ ವಿವರಗಳನ್ನು ಸಂಶೋಧಕರಿಗೆ ಒದಗಿಸುವುದು ಸ್ಥಳೀಯ ಆಡಳಿತ ಈಗಲೇ ಮಾಡಬಹುದಾದ ಕೆಲಸ.