ಎಜಿ ಒಪ್ಪಿಗೆಗೆ ಕಾಯುತ್ತಾ ಕೂರಬೇಡಿ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ಪಹಣಿ ತಿದ್ದುಪಡಿ ಅರ್ಜಿಯನ್ನು, ಆದೇಶದ ಪ್ರತಿ ತಲುಪಿದ ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು ಹೈಕೋರ್ಟ್ ತಹಶೀಲ್ದಾರರಿಗೆ ಹೇಳಿತ್ತು. ಅರ್ಜಿ ಇದ್ದಲ್ಲೇ ಇದೆ. ನ್ಯಾಯಾಂಗ ನಿಂದನೆ ಹೂಡಲು ಒಪ್ಪಿಗೆ ಕೋರಿ ರಾಜ್ಯದ ಅಡ್ವೊಕೇಟ್ ಜನರಲ್ (ಎಜಿ) ಅವರಿಗೆ ಬರೆದು ಏಳು ತಿಂಗಳಾದರೂ ಉತ್ತರವಿಲ್ಲ. "ಎಜಿ ಎಂದರೆ ಜನರ ವಕೀಲರಲ್ಲವೇ?"

ಮೊದಲು ತುರ್ತಿನ ಮಾತು: ನಿಮಗೆ ಆ ಒಪ್ಪಿಗೆ ಬೇಕಾಗಿಯೇ ಇಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 15ನೇ ಸೆಕ್ಷನ್ ಎಜಿಯ ಲಿಖಿತ ಒಪ್ಪಿಗೆ ಕೇಳುವುದು ಕ್ರಿಮಿನಲ್ ನಿಂದನೆಗೆ. ಅಂದರೆ ಕೋರ್ಟಿನ ಘನತೆಗೆ ಕುಂದು ತರುವ, ವಿಚಾರಣೆಗೆ ಅಡ್ಡಬರುವ ನಡೆಗೆ. ಬೇಕೆಂದೇ ಆದೇಶ ಪಾಲಿಸದಿರುವುದು ಸಿವಿಲ್ ನಿಂದನೆ. ಅದಕ್ಕೆ ನೀವು ನೇರವಾಗಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬಹುದು. ಆದರೆ 20ನೇ ಸೆಕ್ಷನ್ ಒಂದೇ ವರ್ಷದ ಕಾಲಮಿತಿ ಹಾಕಿದೆ. ಕಳೆದ ಜೂನ್ 10ಕ್ಕೆ ಪ್ರತಿ ಕೊಟ್ಟೆ ಎಂದಿದ್ದೀರಿ. ಗಡುವು ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದಲೇ ವರ್ಷ ಎಣಿಸಿ. ಏಳು ತಿಂಗಳು ಆಗಲೇ ಕೈಬಿಟ್ಟಿದೆ. ಈ ವಾರವೇ ವಕೀಲರನ್ನು ನೋಡಿ.

ಇಂಥ ಅರ್ಜಿಗಳು ಹೆಚ್ಚಾಗಿ ಎಡವುವುದು ಸಣ್ಣ ಕಾಗದದಲ್ಲಿ. ದೃಢೀಕೃತ ಪ್ರತಿಯನ್ನು ಮೇಜಿನ ಮೇಲಿಟ್ಟು ಬಂದರೆ ಸಾಲದು. ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಕೈಯಲ್ಲಿರುವ ಪತ್ರದ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡಿರಬೇಕು. ಆ ಮೊಹರಿಲ್ಲದಿದ್ದರೆ "ನಮಗೆ ಆದೇಶವೇ ತಲುಪಿಲ್ಲ" ಎಂಬ ಒಂದೇ ಮಾತಿಗೆ ನಿಮ್ಮ ಅರ್ಜಿ ಸೊರಗುತ್ತದೆ. ಆ ಅವಧಿಯಲ್ಲಿ ಕುರ್ಚಿಯಲ್ಲಿದ್ದ ಅಧಿಕಾರಿಯ ಹೆಸರೂ ಬೇಕು. ನಿಂದನೆಯ ಹೊಣೆ ಹುದ್ದೆಯದಲ್ಲ, ವ್ಯಕ್ತಿಯದು. ನಡುವೆ ವರ್ಗಾವಣೆಯಾಗಿದ್ದರೆ ಇಬ್ಬರ ದಿನಾಂಕಗಳನ್ನೂ ಬರೆದುಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆ. ಸಂವಿಧಾನದ 165ನೇ ವಿಧಿಯಂತೆ ಎಜಿಯನ್ನು ನೇಮಿಸುವವರು ರಾಜ್ಯಪಾಲರು. ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ಕೆಲಸ, ರಾಜ್ಯ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವುದು, ಅದರ ಪರ ವಾದಿಸುವುದು. ವಿಧಾನಸಭೆ, ಪರಿಷತ್ತುಗಳಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ನಿಮ್ಮ ಎದುರು ನಿಂತಿರುವುದೇ ಸರ್ಕಾರದ ಅಧಿಕಾರಿ. ಹಾಗಿರುವಾಗ ಎಜಿಯಿಂದ ನಿಮಗೆ ಸಲಹೆ ಸಿಗುವಂತಿಲ್ಲ, ಸಿಗಲೂಬಾರದು. ನಾಳೆ ತಹಶೀಲ್ದಾರರ ಪರ ಎದ್ದು ನಿಲ್ಲುವವರು ಬಹುಶಃ ಎಜಿ ಕಚೇರಿಯ ಸರ್ಕಾರಿ ವಕೀಲರೇ. ಇದರಿಂದ ಎಷ್ಟೋ ಸಲ ಒಳ್ಳೆಯದೇ ಆಗುತ್ತದೆ: ನೋಟಿಸ್ ಬಂದ ಮೇಲೆ "ಮೊದಲು ಆದೇಶ ಪಾಲಿಸಿ" ಎಂದು ಅಧಿಕಾರಿಗೆ ತಿಳಿಹೇಳುವವರು ಅವರು.

ಪತ್ರದ ಕೊನೆಗೆ ಊರಿನ ದಾರಿಗೆ ಯಾರೋ ಬೇಲಿ ಹಾಕಿದ ವಿಷಯವಿದೆ. ಅಲ್ಲಿ ಎಜಿಗೆ ಪಾತ್ರವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಸೆಕ್ಷನ್‌ನಂತೆ ಸಾರ್ವಜನಿಕ ಉಪದ್ರವದ ವಿರುದ್ಧ ಅವರು ದಾವೆ ಹೂಡಬಹುದು. ಅವರಿಗಾಗಿ ಕಾಯಬೇಕಿಲ್ಲ, ಊರಿನ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದರೂ ಆದೀತು, ನಿಮಗೆ ವೈಯಕ್ತಿಕ ನಷ್ಟವಾಗಿರಲೇಬೇಕೆಂದಿಲ್ಲ.

ಒಂದು ಎಚ್ಚರ. "ಇತ್ಯರ್ಥಪಡಿಸಿ" ಎಂಬ ಆದೇಶಕ್ಕೆ ಅರ್ಜಿ ವಜಾ ಮಾಡುವುದೂ ಪಾಲನೆಯೇ. ತಹಶೀಲ್ದಾರರು ಹಾಗೆ ಮಾಡಿದರೆ ನಿಂದನೆಯ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಆ ಹೊಸ ಆದೇಶದ ವಿರುದ್ಧ ಮೇಲ್ಮನವಿಯನ್ನೇ ಹಾಕಬೇಕು.

– ಸಂ.